ಬಾಣಂತನಕ್ಕೆ ಜರ್ಮನಿಗೆ: ಮಗಳು ಬರೆಯುವ ಆಮಂತ್ರಣ ಪತ್ರದಲ್ಲಿ ಏನೇನಿರಬೇಕು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಅಡಿಕೆ ಕೃಷಿಕರು. ಮಗಳು ಮತ್ತು ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಸೆಪ್ಟೆಂಬರ್ 20ರ ಸುಮಾರಿಗೆ ಮಗಳ ಹೆರಿಗೆ. ಬಾಣಂತನಕ್ಕೆಂದು ನನ್ನ ಹೆಂಡತಿ ನಾಲ್ಕು ತಿಂಗಳು ಅಲ್ಲಿರಬೇಕು, ನಾನು ಒಂದು ತಿಂಗಳು ಹೋಗಿಬರುವ ಅಂದಾಜು. ಮಗಳು ‘ಅಪ್ಪ ಅಮ್ಮನನ್ನು ಪ್ರೀತಿಯಿಂದ ಕರೆಯುತ್ತಿದ್ದೇನೆ, ದಯವಿಟ್ಟು ವೀಸಾ ಕೊಡಿ’ ಎಂದು ಅರ್ಧ ಪುಟದ ಪತ್ರ ಕಳಿಸಿದ್ದಾಳೆ. ಇದು ಸಾಕೇ? ನೋಟರಿ ಮಾಡಿಸಬೇಕೇ? ನಮ್ಮ ಕಾಗದಪತ್ರಗಳು ಹೆಚ್ಚಿನವು ಮಲಯಾಳದಲ್ಲಿವೆ. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದೆ. ಹಿಂದೆ ದುಬೈಗೆ ಹೋಗಿದ್ದಾಗ ಇದ್ಯಾವ ಕಿರಿಕಿರಿಯೂ ಇರಲಿಲ್ಲ.

ಉತ್ತರ: ನೋಟರಿಯ ಮಾತಿಗಿಂತ ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ನಾಲ್ಕು ತಿಂಗಳು ಸಾಧ್ಯವಿಲ್ಲ. ಮಗಳನ್ನು ನೋಡಲು ಹೋಗುವವರಿಗೆ ಸಿಗುವುದು ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಅಲ್ಪಾವಧಿಯ ವೀಸಾ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. 90 ದಿನ ಎಂದರೆ 90 ದಿನವೇ, ಮೂರು ತಿಂಗಳಲ್ಲ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ, ಹೊರಟ ದಿನವೂ ಸೇರುತ್ತದೆ. ನಿಮ್ಮ ಮನೆಯವರು ಸೆಪ್ಟೆಂಬರ್ 5ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದರು ಅಂತಿಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ 26, ಅಕ್ಟೋಬರಿನಲ್ಲಿ 31, ನವೆಂಬರಿನಲ್ಲಿ 30, ಒಟ್ಟು 87. ಉಳಿದದ್ದು ಮೂರು. ಡಿಸೆಂಬರ್ 3ರೊಳಗೆ ಅವರು ಷೆಂಗೆನ್ ನೆಲದಿಂದ ಹೊರಗಿರಬೇಕು. ಹಾಗೆ ಪೂರ್ತಿ 90 ದಿನ ಮುಗಿಸಿ ಬಂದರೆ ಮಾರ್ಚ್ ಮೊದಲ ವಾರದವರೆಗೆ ಮರಳಿ ಹೋಗುವಂತೆಯೂ ಇಲ್ಲ.

ಮಗು ಚಿಕ್ಕದು, ಇನ್ನೊಂದು ತಿಂಗಳು ಇರಲಿ ಎಂದು ಅಲ್ಲಿ ಹೋದಮೇಲೆ ವಿಸ್ತರಿಸಿಕೊಳ್ಳಬಹುದು ಎಂಬ ಭರವಸೆ ಬೇಡ. ವಿಮಾನಯಾನವೇ ನಿಂತುಹೋಗುವಂಥ ಪರಿಸ್ಥಿತಿ, ಪ್ರಯಾಣ ಮಾಡಲಾಗದಷ್ಟು ಗಂಭೀರ ಕಾಯಿಲೆ, ಇಂಥ ಕಾರಣಕ್ಕೆ ಮಾತ್ರ ವಿಸ್ತರಣೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ತೆಗೆದುಕೊಂಡು ಒಳಬಂದ ದಿನ, ಹೊರಹೋದ ದಿನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಮೊದಲಿನಂತೆ ಅಧಿಕಾರಿ ಮುದ್ರೆಯ ತಾರೀಕು ನೋಡಿ ಬೆರಳು ಮಡಚಿ ಎಣಿಸುವ ಕಾಲ ಹೋಯಿತು.

ಬಾಣಂತನ ಉದ್ದವಾಗಬೇಕಿದ್ದರೆ ಬೇರೆ ದಾರಿ ಇದೆ. 90 ದಿನದ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ. ಮೊದಲ ಪಾಳಿ ನಿಮ್ಮ ಮನೆಯವರದ್ದು, ಎರಡನೆಯದು ನಿಮ್ಮ ಬೀಗಿತ್ತಿಯದ್ದು ಎಂದು ಹಂಚಿಕೊಂಡರೆ ಮಗುವಿಗೆ ಐದು ತಿಂಗಳು ತುಂಬುವವರೆಗೂ ಮನೆಯಲ್ಲಿ ಹಿರಿಯರಿರುತ್ತಾರೆ. ಬೀಗರ ನಡುವೆ ಈ ಮಾತು ಮೊದಲೇ ಆಗಿಬಿಟ್ಟರೆ ಒಳ್ಳೆಯದು. ಪತ್ರಗಳಲ್ಲಿ ಬರೆಯುವ ದಿನಾಂಕಗಳು ಅದನ್ನೇ ಅವಲಂಬಿಸಿರುತ್ತವೆ.

ಇನ್ನು ದುಬೈಯ ಹೋಲಿಕೆ. ನಮ್ಮ ಜಿಲ್ಲೆಯಲ್ಲಿ ವಿಸಿಟ್ ವೀಸಾ ಎಂದರೆ ಅಲ್ಲಿದ್ದವರೋ ಟ್ರಾವೆಲ್ಸ್‌ನವರೋ ಅರ್ಜಿ ಹಾಕುತ್ತಾರೆ, ವಾಟ್ಸಾಪಿಗೆ ಪಿಡಿಎಫ್ ಬರುತ್ತದೆ, ಪ್ರಿಂಟ್ ತೆಗೆದು ವಿಮಾನ ಹತ್ತುವುದು. ಷೆಂಗೆನ್ ವೀಸಾದಲ್ಲಿ ಕರೆಯುವವರು ಅರ್ಜಿದಾರರಲ್ಲ, ಹೋಗುವವರೇ ಅರ್ಜಿದಾರರು. ಅರ್ಜಿ ತುಂಬುವುದು, ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರಕ್ಕೆ ಹೋಗುವುದು, ಬೆರಳಚ್ಚು ಕೊಡುವುದು ಎಲ್ಲ ನೀವೇ. ಮಗಳ ಪತ್ರ ಆ ಕಡತದಲ್ಲಿ ಒಂದು ಸಾಕ್ಷಿ ಅಷ್ಟೇ. ಸಾಕ್ಷಿಯನ್ನು ಅಧಿಕಾರಿ ಹೇಗೆ ಪರೀಕ್ಷಿಸುತ್ತಾರೋ ಹಾಗೆಯೇ ಈ ಪತ್ರವನ್ನೂ ಪರೀಕ್ಷಿಸುತ್ತಾರೆ: ಇದರಲ್ಲಿ ಹೇಳಿದ್ದು ಅರ್ಜಿಯಲ್ಲಿ ಇರುವುದಕ್ಕೆ ಕೂಡುತ್ತದೆಯೇ, ವಿಮೆಯ ತಾರೀಕಿಗೆ ಕೂಡುತ್ತದೆಯೇ, ಹಣದ ಕಾಗದಕ್ಕೆ ಕೂಡುತ್ತದೆಯೇ? ನಿಮ್ಮ ಮಗಳ ಅರ್ಧ ಪುಟದಲ್ಲಿ ಪ್ರೀತಿ ಇದೆ, ತಾಳೆ ನೋಡಲು ಬೇಕಾದ ಒಂದೂ ಸಂಗತಿ ಇಲ್ಲ. ಆದ್ದರಿಂದ ಸಾಲದು.

ನೋಟರಿ ಬೇಡ, ಛಾಪಾಕಾಗದವೂ ಬೇಡ. ಸ್ಟುಟ್‌ಗಾರ್ಟ್‌ನಲ್ಲಿ ಕೂತು ಸಹಿ ಮಾಡಿದ ಪತ್ರಕ್ಕೆ ಕಾಸರಗೋಡಿನ ನೋಟರಿ ಮುದ್ರೆ ಒತ್ತಿದರೆ ಅರ್ಥವೇ ಇಲ್ಲ. ಸಹಿ ಮಾಡಿದವರನ್ನು ಅವರು ಕಂಡೇ ಇರುವುದಿಲ್ಲ.

ಹಾಗಾದರೆ ಅಧಿಕೃತ ಬಲ ಇರುವ ಕಾಗದ ಯಾವುದು? ಜರ್ಮನಿಯಲ್ಲಿ ಅದಕ್ಕೆ ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್ ಎಂಬ, ನಾಲಿಗೆ ಹೊರಳದ ಹೆಸರಿದೆ. ನಾವು ಹೊಣೆಪತ್ರ ಎನ್ನೋಣ. ಜರ್ಮನಿಯ ವಾಸ್ತವ್ಯ ಕಾಯಿದೆಯ 66ರಿಂದ 68ನೇ ಕಲಮುಗಳ ಅಡಿ, ಅತಿಥಿಯ ಊಟ, ವಸತಿ, ಚಿಕಿತ್ಸೆ ಎಲ್ಲದರ ಖರ್ಚಿಗೆ ತಾನೇ ಹೊಣೆ ಎಂದು ಕರೆಯುವವರು ಸರ್ಕಾರಕ್ಕೆ ಬರೆದುಕೊಡುವ ಕಾಗದ ಇದು. ಮನೆಯಲ್ಲಿ ಟೈಪ್ ಮಾಡುವಂಥದ್ದಲ್ಲ. ತಮ್ಮ ಊರಿನ ವಿದೇಶೀಯರ ಕಚೇರಿಯಲ್ಲಿ (ಅಲ್ಲಿನವರು ಔಸ್‌ಲೆಂಡರ್‌ಬೆಹೋರ್ಡೆ ಎನ್ನುತ್ತಾರೆ) ಸಮಯ ಗೊತ್ತುಮಾಡಿಕೊಂಡು, ಪಾಸ್‌ಪೋರ್ಟ್, ವಾಸ್ತವ್ಯದ ಕಾರ್ಡು, ಸಾಮಾನ್ಯವಾಗಿ ಕಳೆದ ಮೂರು ತಿಂಗಳ ಸಂಬಳದ ಚೀಟಿ, ಬಾಡಿಗೆ ಕರಾರು ತೋರಿಸಿ ಸಹಿ ಮಾಡಬೇಕು. ಶುಲ್ಕ 29 ಯುರೋ. ಭದ್ರತಾ ಕಾಗದದಲ್ಲಿ ಮುದ್ರಿತವಾಗಿ ಬರುತ್ತದೆ, ಮೂಲಪ್ರತಿಯೇ ನಿಮ್ಮ ಕೈಗೆ ತಲುಪಬೇಕು. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ನಡೆಯದು.

ಹೊಣೆಪತ್ರದಲ್ಲಿ ಕರೆಯುವವರ ಆರ್ಥಿಕ ಶಕ್ತಿಯ ಬಗ್ಗೆ ಕಚೇರಿಯವರು ಒಂದು ಷರಾ ಬರೆಯುತ್ತಾರೆ. ಆದಾಯ ಸಾಬೀತಾಗಿದೆ ಎಂಬ ಷರಾ ಇದ್ದರೆ ಆ ಕಾಗದ ಗಟ್ಟಿ. ಇಲ್ಲದಿದ್ದರೆ ಸಹಿಗೆ ಬೆಲೆಯೇ ಕಡಿಮೆ. ಹಾಗಾಗಿ ನಿಮ್ಮ ವಿಚಾರದಲ್ಲಿ ಸಹಿ ಮಾಡಬೇಕಾದವರು ಅಳಿಯ. ಜರ್ಮನಿಯಲ್ಲಿ ಹೆರಿಗೆಗೆ ಆರು ವಾರ ಮೊದಲು, ಎಂಟು ವಾರ ನಂತರ ತಾಯಂದಿರಿಗೆ ರಕ್ಷಣಾ ರಜೆ. ಆಮೇಲೆ ಶಿಶುಪಾಲನಾ ರಜೆ ಹಿಡಿದರೆ ಸಂಬಳದ ಬದಲು ಭತ್ಯೆ ಬರುತ್ತದೆ, ಅದು ಸಂಬಳಕ್ಕಿಂತ ಕಡಿಮೆ. ಮಗಳ ಹೆಸರಿನಲ್ಲಿ ಹೊಣೆಪತ್ರ ಮಾಡಿಸಲು ಹೋದರೆ ಈ ಪ್ರಶ್ನೆ ಎದ್ದೇ ಏಳುತ್ತದೆ. ಅಳಿಯನೇ ಮಾಡಿದರೆ ಮೂರು ಚೀಟಿ ಇಟ್ಟು ಎದ್ದು ಬರಬಹುದು.

ಆದರೆ ಅಳಿಯ ಏನಕ್ಕೆ ಸಹಿ ಹಾಕುತ್ತಿದ್ದಾನೆ ಎಂಬುದು ಅವನಿಗೂ ನಿಮಗೂ ಗೊತ್ತಿರಲಿ. ಅತ್ತೆಗೆ ಅಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದರೆ, ವಿಮೆ ಕೊಡದ ಬಿಲ್ಲು ಅವನ ತಲೆಗೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಇಡೀ ಷೆಂಗೆನ್ ಪ್ರದೇಶಕ್ಕೆ, ಇರುವ ಪೂರ್ತಿ ಅವಧಿಗೆ ಅನ್ವಯಿಸಬೇಕು. ಬಿಪಿ, ಸಕ್ಕರೆ ಕಾಯಿಲೆಯಂಥ ಮೊದಲೇ ಇದ್ದ ತೊಂದರೆಗಳನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ. ಅರುವತ್ತು ದಾಟಿದವರಿಗೆ ಅತಿ ಅಗ್ಗದ ಪಾಲಿಸಿ ಮಾಡಿಸಿ ಉಳಿಸುವ ಹಣ ದೊಡ್ಡದೇನಲ್ಲ. ಹೊರಗಿಟ್ಟ ಕಾಯಿಲೆಗಳ ಪಟ್ಟಿ ಓದಿಯೇ ಕೊಳ್ಳಿ.

ಹೊಣೆಪತ್ರ ಆರು ತಿಂಗಳೊಳಗೆ ಬಳಕೆಯಾಗಬೇಕು. ವೀಸಾ ಅರ್ಜಿಯನ್ನೂ ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ದೊಡ್ಡ ಊರುಗಳಲ್ಲಿ ವಿದೇಶೀಯರ ಕಚೇರಿಯ ಸಮಯ ಸಿಗಲು ವಾರಗಟ್ಟಲೆ ಕಾಯಬೇಕಾಗುತ್ತದೆ. ಆದ್ದರಿಂದ ಅಳಿಯ ಮೊದಲು ಮಾಡಬೇಕಾದ ಕೆಲಸ ಆ ಸಮಯ ಗೊತ್ತುಮಾಡುವುದು. ಪತ್ರ ಬರೆಯುವುದು ಆಮೇಲೆ. ಹೊಣೆಪತ್ರದಲ್ಲಿ ನಮೂದಾದ ದಿನಾಂಕ, ಹೆಸರು, ಪಾಸ್‌ಪೋರ್ಟ್ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಪತ್ರ ಬರೆದರೆ ಎರಡೂ ಬೇರೆಬೇರೆಯಾಗುವ ಪ್ರಮೇಯವೇ ಬರುವುದಿಲ್ಲ. ನಿಮ್ಮಿಬ್ಬರ ದಿನಾಂಕ ಬೇರೆ ಇರುವುದರಿಂದ ಎರಡು ಹೊಣೆಪತ್ರ, ಎರಡು ಆಮಂತ್ರಣ ಪತ್ರ ಮಾಡಿಸುವುದು ಚೊಕ್ಕ. ಇಬ್ಬರ ಅರ್ಜಿಗಳೂ ಬೇರೆ ಕಡತಗಳೇ ಆಗಿರುತ್ತವೆ.

ಈಗ ಪತ್ರಕ್ಕೆ ಬರೋಣ. ಒಂದು ಪುಟ ಸಾಕು, ಒಂದೂವರೆ ಆದರೂ ತಪ್ಪಿಲ್ಲ. ಭಾಷೆ ಇಂಗ್ಲಿಷ್ ಅಥವಾ ಜರ್ಮನ್. ಮಗಳು, ಅಳಿಯ ಇಬ್ಬರೂ ಸಹಿ ಮಾಡಲಿ: ಸಂಬಂಧ ಮಗಳದು, ಹಣದ ಹೊಣೆ ಅಳಿಯನದು. ಕನ್ನಡದಲ್ಲಿ ಅದರ ಒಡಲು ಹೀಗಿರುತ್ತದೆ. ಇದನ್ನೇ ಇಂಗ್ಲಿಷಿಗೆ ತಂದುಕೊಳ್ಳಲಿ.

ಕಳಿಸುವವರ ಪೂರ್ಣ ಹೆಸರು, ಮನೆ ವಿಳಾಸ, ಫೋನ್, ಇಮೇಲ್. ಊರು, ದಿನಾಂಕ.

ಜರ್ಮನಿಯ ಮಹಾ ಕಾನ್ಸುಲೇಟ್, ಬೆಂಗಳೂರು, ಇವರಿಗೆ.

ವಿಷಯ: ನನ್ನ ತಾಯಿ (ಪಾಸ್‌ಪೋರ್ಟಿನಲ್ಲಿ ಇರುವಂತೆ ಪೂರ್ಣ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ) ಅವರ ಭೇಟಿಯ ವೀಸಾ ಅರ್ಜಿ.

ಮಾನ್ಯರೇ, ನಾನು (ಹೆಸರು, ಜನ್ಮದಿನಾಂಕ), ಭಾರತೀಯ ಪ್ರಜೆ. (ವರ್ಷ)ದಿಂದ ಜರ್ಮನಿಯಲ್ಲಿ (ವಾಸ್ತವ್ಯ ಪರವಾನಗಿಯ ವಿಧ, ಅದು ಮುಗಿಯುವ ದಿನಾಂಕ) ಆಧಾರದಲ್ಲಿ ವಾಸವಾಗಿದ್ದೇನೆ. ನನ್ನ ಪತಿ (ಹೆಸರು, ಜನ್ಮದಿನಾಂಕ) (ಸಂಸ್ಥೆ)ಯಲ್ಲಿ (ಹುದ್ದೆ)ಯಾಗಿ ಕೆಲಸದಲ್ಲಿದ್ದಾರೆ.

ಸೆಪ್ಟೆಂಬರ್ 20ರ ಸುಮಾರಿಗೆ ನನಗೆ ಹೆರಿಗೆಯಾಗಲಿದೆ. ಆ ಸಮಯದಲ್ಲಿ ನಮ್ಮೊಂದಿಗಿರಲು, ಮೊಮ್ಮಗುವನ್ನು ನೋಡಲು ತಾಯಿಯನ್ನು ಸೆಪ್ಟೆಂಬರ್ 5ರಿಂದ ನವೆಂಬರ್ 30ರವರೆಗೆ, ಒಟ್ಟು 87 ದಿನಗಳ ಮಟ್ಟಿಗೆ ಆಹ್ವಾನಿಸುತ್ತಿದ್ದೇವೆ.

ಅವರು ಮೇಲಿನ ವಿಳಾಸದಲ್ಲಿ ನಮ್ಮ (ಇಷ್ಟು) ಕೋಣೆಗಳ, (ಇಷ್ಟು) ಚದರ ಮೀಟರಿನ ಬಾಡಿಗೆ ಮನೆಯಲ್ಲಿ ನಮ್ಮೊಂದಿಗೆ ಇರುತ್ತಾರೆ. ಈಗ ಆ ಮನೆಯಲ್ಲಿರುವವರು ನಾವಿಬ್ಬರೇ.

ಅವರ ವಾಸ್ತವ್ಯದ ಖರ್ಚನ್ನು ನನ್ನ ಪತಿ ಭರಿಸುತ್ತಾರೆ. (ದಿನಾಂಕ)ದ ಹೊಣೆಪತ್ರ ಲಗತ್ತಿಸಿದೆ. ವಿಮಾನದ ಟಿಕೆಟ್ ಮತ್ತು ವಿಮೆಯ ಖರ್ಚು ನನ್ನ ತಂದೆಯದು.

ತಾಯಿ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ತಂದೆಯೊಂದಿಗೆ ಕುಟುಂಬದ (ಇಷ್ಟು) ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ನವೆಂಬರ್ 30ಕ್ಕೆ ಭಾರತಕ್ಕೆ ಮರಳುತ್ತಾರೆ.

ಇಬ್ಬರ ಸಹಿ. ಲಗತ್ತುಗಳ ಪಟ್ಟಿ.

ಇದರಲ್ಲಿ ಪ್ರತಿ ವಾಕ್ಯದ ಹಿಂದೆಯೂ ಒಂದು ಕಾಗದ ಇರಬೇಕು. ವಿಳಾಸದ ಹಿಂದೆ ಅಲ್ಲಿನ ನಗರಾಡಳಿತ ಕೊಡುವ ನಿವಾಸ ನೋಂದಣಿ ಪ್ರಮಾಣಪತ್ರ, ಪರವಾನಗಿಯ ಹಿಂದೆ ಕಾರ್ಡಿನ ಎರಡೂ ಮುಖಗಳ ಪ್ರತಿ, ಹೆರಿಗೆಯ ತಾರೀಕಿನ ಹಿಂದೆ ವೈದ್ಯರ ಚೀಟಿ ಅಥವಾ ಗರ್ಭಿಣಿಯರಿಗೆ ಅಲ್ಲಿ ಕೊಡುವ ಮುಟ್ಟರ್‌ಪಾಸ್ ಪುಸ್ತಿಕೆಯ ಸಂಬಂಧಪಟ್ಟ ಪುಟ. ಹಿಂದೆ ಕಾಗದ ಇಲ್ಲದ ವಾಕ್ಯ ಪತ್ರದಲ್ಲಿ ಬೇಡ. ‘ನನ್ನ ತಾಯಿ ಕಾನೂನನ್ನು ಗೌರವಿಸುವವರು, ಖಂಡಿತ ಮರಳುತ್ತಾರೆಂದು ಪ್ರಮಾಣ ಮಾಡುತ್ತೇನೆ’ ಎಂಬಂಥ ಸಾಲುಗಳು ಬಹಳ ಪತ್ರಗಳಲ್ಲಿ ಕಾಣುತ್ತವೆ. ಇಂಟರ್ನೆಟ್ಟಿನ ಮಾದರಿಗಳಿಂದ ಬಂದವು. ಅವುಗಳಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ.

90ರ ಬದಲು 87 ಬರೆದದ್ದು ಬೇಕೆಂದೇ. ವಿಮಾನ ತಡವಾದರೆ, ರದ್ದಾದರೆ ಕೈಯಲ್ಲಿ ಮೂರು ದಿನ ಉಳಿದಿರುತ್ತದೆ. ಮಧ್ಯರಾತ್ರಿ ಕಳೆದು ಹೊರಡುವ ವಿಮಾನಗಳಲ್ಲಿ ಎಡವುವವರು ಹೆಚ್ಚು. ಪಾಸ್‌ಪೋರ್ಟ್ ತಪಾಸಣೆ ದಾಟುವ ತಾರೀಕು ಮುಖ್ಯ, ಟಿಕೆಟ್ಟಿನಲ್ಲಿ ನೀವು ಊಹಿಸಿಕೊಂಡ ರಾತ್ರಿಯಲ್ಲ. ಮಗು ತಾರೀಕು ನೋಡಿಕೊಂಡು ಹುಟ್ಟುವುದಿಲ್ಲ ಎಂಬ ಚಿಂತೆ ಇದ್ದರೆ, ವೀಸಾ ಶುರುವಾಗುವ ದಿನವನ್ನು ಆಗಸ್ಟ್ ಕೊನೆಗೆ ಕೇಳಿಕೊಳ್ಳಬಹುದು. ಆಗ ಪತ್ರ, ಅರ್ಜಿ, ಹೊಣೆಪತ್ರ, ವಿಮೆ ನಾಲ್ಕರಲ್ಲೂ ಅದೇ ದಿನ ಇರಬೇಕು. ವೀಸಾ ಕೈಗೆ ಬಂದಾಗ ಅದರಲ್ಲಿ ಎರಡು ಬೇರೆ ಸಂಗತಿಗಳು ಇರುತ್ತವೆ: ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ, ಅದರೊಳಗೆ ಎಷ್ಟು ದಿನ ಇರಬಹುದು. ಚಾಲ್ತಿಯ ಅವಧಿ ಸಾಮಾನ್ಯವಾಗಿ 15 ದಿನ ಹೆಚ್ಚೇ ಇರುತ್ತದೆ. ಅದನ್ನು ಕಂಡು ‘ನೂರು ದಿನ ಕೊಟ್ಟಿದ್ದಾರೆ’ ಎಂದು ಖುಷಿಪಟ್ಟವರು ಕೊನೆಗೆ ದಂಡ ತೆತ್ತದ್ದುಂಟು. ಇರಬಹುದಾದ ದಿನಗಳ ಅಂಕಿಯೇ ಅಂತಿಮ.

ಪತ್ರದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬಾಣಂತನದ ಮಾತು. ನಮ್ಮಲ್ಲಿ ಬಾಣಂತನ ಎಂದರೆ ಎಣ್ಣೆ ಸ್ನಾನ, ಕಷಾಯ, ಪಥ್ಯದ ಅಡುಗೆ, ಮಗುವಿನ ಆರೈಕೆ. ತಾಯಿ ಮಾಡುವುದೇ ಅದು, ಬೇರೇನಲ್ಲ. ಇಂಗ್ಲಿಷಿಗೆ ಹೋದಾಗ ಅದು ‘ಮಗುವನ್ನು ನೋಡಿಕೊಳ್ಳಲು, ಅಡುಗೆ ಮತ್ತು ಮನೆಗೆಲಸಕ್ಕೆ ಬರುತ್ತಿದ್ದಾರೆ’ ಎಂದಾಗಿಬಿಡುತ್ತದೆ. ಭೇಟಿಯ ವೀಸಾದಲ್ಲಿ ಉದ್ಯೋಗಕ್ಕೆ ಅವಕಾಶವಿಲ್ಲ. ಆಯಾ ಕೆಲಸಕ್ಕೆ ಜನ ಕರೆಸಿಕೊಳ್ಳುವಂತೆ ಕೇಳಿಸುವ ವಾಕ್ಯ ಅಧಿಕಾರಿಯಲ್ಲಿ ಅನಗತ್ಯ ಪ್ರಶ್ನೆ ಎಬ್ಬಿಸುತ್ತದೆ. ಹಾಗೆಂದು ಹೆರಿಗೆಯನ್ನೇ ಮುಚ್ಚಿಟ್ಟು ‘ಪ್ರವಾಸ, ಊರು ನೋಡುವುದು’ ಎಂದು ಬರೆಯಲು ಸಲಹೆ ಕೊಡುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ವಿಎಫ್‌ಎಸ್‌ನಲ್ಲೋ ಫ್ರಾಂಕ್‌ಫರ್ಟ್‌ನ ಗಡಿ ಪೊಲೀಸರ ಮುಂದೋ ‘ಯಾಕೆ ಬಂದಿರಿ’ ಎಂದು ಕೇಳಿದಾಗ ನಿಮ್ಮ ಮನೆಯವರು ಸಹಜವಾಗಿ ‘ಮಗಳ ಬಾಣಂತನಕ್ಕೆ’ ಎಂದೇ ಹೇಳುತ್ತಾರೆ, ಪತ್ರ ಬೇರೆ ಹೇಳುತ್ತಿರುತ್ತದೆ. ಹೆರಿಗೆಯ ಸಮಯದಲ್ಲಿ ಮಗಳ ಜೊತೆಗಿರಲು ಬರುತ್ತಿದ್ದಾರೆ ಎಂಬ ಮಾತು ಸತ್ಯವೂ ಹೌದು, ಸರಳವೂ ಹೌದು. ಅದಕ್ಕಿಂತ ಹೆಚ್ಚು ವಿವರಿಸಬೇಡಿ.

ಇನ್ನು ನಿಮ್ಮ ಕಡೆಯ ಕಾಗದಗಳು. ಹೆಚ್ಚಿನ ತಿರಸ್ಕಾರಗಳ ಬೇರು ಪತ್ರದಲ್ಲಿರುವುದಿಲ್ಲ, ಇಲ್ಲಿರುತ್ತದೆ.

ಹೆಸರಿನ ವ್ಯತ್ಯಾಸ ನಮ್ಮ ಗಡಿನಾಡಿನವರಿಗೆ ಹುಟ್ಟಿನಿಂದ ಬಂದ ಬಳುವಳಿ. ಮನೆಯಲ್ಲಿ ಕನ್ನಡದಲ್ಲಿ ಕರೆದ ಹೆಸರನ್ನು ಪಂಚಾಯತಿನಲ್ಲಿ ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ, ಅದು ಇಂಗ್ಲಿಷಿಗೆ ಮಲಯಾಳದ ದಾರಿಯಲ್ಲೇ ಹೋಗುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಶಾಲೆಯ ಸರ್ಟಿಫಿಕೇಟಿನ ಸ್ಪೆಲ್ಲಿಂಗ್ ಹಿಡಿಯುತ್ತೇವೆ. ಒಂದು ಕಡೆ ಮನೆಯ ಹೆಸರಿನ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಹೆಸರು ಬಿಡಿಸಿ ಬರೆದದ್ದು, ಮೂರನೆಯ ಕಡೆ ಗಂಡನ ಹೆಸರು. ಕಾನ್ಸುಲೇಟಿನಲ್ಲಿ ಕೂತವರಿಗೆ ಇವು ಮೂರು ಬೇರೆ ಹೆಂಗಸರು. ಕೇರಳದಲ್ಲಿ ಇದಕ್ಕೆ ಸಿದ್ಧ ಮದ್ದಿದೆ: ವಿಲ್ಲೇಜ್ ಆಫೀಸಿನಿಂದ ಸಿಗುವ ‘ಒನ್ ಆಂಡ್ ಸೇಮ್’ ಸರ್ಟಿಫಿಕೇಟ್. ಈ ಎರಡು ಹೆಸರುಗಳೂ ಒಬ್ಬರವೇ ಎಂದು ವಿಲ್ಲೇಜ್ ಆಫೀಸರ್ ದೃಢೀಕರಿಸುತ್ತಾರೆ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಹಾಕಿ. ಜೊತೆಗೆ ತಾಯಿ ಮಗಳ ಸಂಬಂಧಕ್ಕೆ ರಿಲೇಶನ್‌ಶಿಪ್ ಸರ್ಟಿಫಿಕೇಟನ್ನೂ ಕೇಳಿ. ಅರ್ಜಿ ಹಾಕುವಾಗಲೇ ಎರಡೂ ಇಂಗ್ಲಿಷಿನಲ್ಲಿ ಬೇಕೆಂದು ಹೇಳುವುದನ್ನು ಮರೆಯಬೇಡಿ. ಕೌಂಟರಿನಲ್ಲಿ ಟೈಪ್ ಮಾಡುವ ಹುಡುಗನ ಪಕ್ಕದಲ್ಲೇ ನಿಂತು, ಪಾಸ್‌ಪೋರ್ಟ್ ತೆರೆದಿಟ್ಟು, ಅಕ್ಷರ ಅಕ್ಷರ ಓದಿಸಿ. ತಪ್ಪು ಸರಿಪಡಿಸಲು ಮಾಡಿಸಿದ ಸರ್ಟಿಫಿಕೇಟಿನಲ್ಲೇ ಮೂರನೆಯ ಸ್ಪೆಲ್ಲಿಂಗ್ ಹುಟ್ಟಿಕೊಳ್ಳುವುದು ಹೊಸದಲ್ಲ.

ಪ್ರಯಾಣಕ್ಕೆ ಇನ್ನೂ ವರ್ಷ ಇದ್ದಿದ್ದರೆ ಪಾಸ್‌ಪೋರ್ಟನ್ನೇ ಸರಿಮಾಡಿಸಿ ಎನ್ನಬಹುದಿತ್ತು. ಹೆರಿಗೆಯ ತಾರೀಕು ಗೊತ್ತಾದ ಮೇಲೆ ಆ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಪಾಸ್‌ಪೋರ್ಟ್ ಎಂದರೆ ಹೊಸ ಸಂಖ್ಯೆ, ಹಳೆ ಸಂಖ್ಯೆ ಹೊತ್ತ ಹೊಣೆಪತ್ರ ವ್ಯರ್ಥ. ಆದರೆ ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದೇ, ಮರಳುವ ದಿನದಿಂದ ಮುಂದೆ ಮೂರು ತಿಂಗಳಾದರೂ ಚಾಲ್ತಿಯಲ್ಲಿದೆಯೇ, ಎರಡು ಪುಟ ಖಾಲಿ ಇವೆಯೇ ಎಂದು ಈಗಲೇ ನೋಡಿ. ನವೀಕರಿಸಲೇಬೇಕಿದ್ದರೆ ಅದು ಎಲ್ಲಕ್ಕಿಂತ ಮೊದಲು.

ಅಳಿಯ ಅತ್ತೆಯ ಖರ್ಚು ಹೊರುವಾಗ ಸಂಬಂಧದ ಸರಪಳಿಗೆ ಎರಡು ಕೊಂಡಿ. ಮಗಳ ಜನನ ಪ್ರಮಾಣಪತ್ರ ತಾಯಿಯನ್ನು ಮಗಳಿಗೆ ಜೋಡಿಸುತ್ತದೆ, ಮದುವೆಯ ನೋಂದಣಿ ಪತ್ರ ಮಗಳನ್ನು ಅಳಿಯನಿಗೆ ಜೋಡಿಸುತ್ತದೆ. ಎರಡನೆಯದನ್ನು ಸೇರಿಸಲು ಮರೆಯುವವರು ಬಹಳ. ಮಲಯಾಳ ಅಥವಾ ಕನ್ನಡದಲ್ಲಿ ಮಾತ್ರ ಇರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎಲ್ಲವನ್ನೂ ಅನುವಾದಿಸುತ್ತ ಹಣ ಸುರಿಯಬೇಕಿಲ್ಲ. ಅಜ್ಜನ ಕಾಲದ ಕನ್ನಡದ ಆಧಾರವನ್ನು (ಜಾಗದ ದಾಖಲೆಪತ್ರ) ಹತ್ತು ಪುಟ ಅನುವಾದಿಸುವ ಬದಲು, ವಿಲ್ಲೇಜ್ ಆಫೀಸಿನಿಂದ ಕೈವಶ (ಪೊಸೆಶನ್) ಸರ್ಟಿಫಿಕೇಟ್ ಇಂಗ್ಲಿಷಿನಲ್ಲೇ ತೆಗೆಸಿ, ಈ ವರ್ಷದ ಭೂತೆರಿಗೆ ರಶೀದಿ ಸೇರಿಸಿದರೆ ಜಾಗ ನಿಮ್ಮದೆಂಬುದು ಸ್ಪಷ್ಟವಾಗುತ್ತದೆ.

ಮರಳಿ ಬರುತ್ತೀರಿ ಎಂಬುದಕ್ಕೆ ನಿಮ್ಮ ಅತ್ಯುತ್ತಮ ಸಾಕ್ಷಿ ಆ ತೋಟವೇ. ಸಂಬಳದಾರನಿಗೆ ಆಫೀಸಿನ ರಜಾಪತ್ರ ಇರುತ್ತದೆ, ಕೃಷಿಕನಿಗೆ ಯಾರು ರಜೆ ಕೊಡುತ್ತಾರೆ? ಅದಕ್ಕೆ ನೀವೇ ಅರ್ಧ ಪುಟದ ಪತ್ರ ಬರೆದು ಸೇರಿಸಿ: ಇಷ್ಟು ಎಕರೆ ಅಡಿಕೆ, ಇಷ್ಟು ತೆಂಗು, ಮಳೆಗಾಲದ ಮದ್ದು ಬಿಡುವ ಕೆಲಸ ಆಗಸ್ಟಿಗೆ ಮುಗಿಯುತ್ತದೆ, ಅಡಿಕೆ ಕೊಯ್ಲು ಶುರುವಾಗುವ ಮೊದಲು ಅಕ್ಟೋಬರ್ ಕೊನೆಗೆ ನಾನು ಮರಳುತ್ತೇನೆ, ಅದುವರೆಗೆ ತೋಟ ನೋಡಿಕೊಳ್ಳುವವರು ಇಂಥವರು. ಜರ್ಮನ್ ಅಧಿಕಾರಿಗೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಗೊತ್ತಿರಬೇಕೆಂದಿಲ್ಲ, ಕೆಲಸಕ್ಕೆ ಕಾಲ ಇದೆ ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಮನೆಯವರ ಅರ್ಜಿಯಲ್ಲೂ ಇದರ ಪ್ರತಿ ಇರಲಿ. ಗಂಡ ಮೊದಲೇ ಮರಳಿ ಊರಿನಲ್ಲಿ ಕಾಯುತ್ತಿರುವುದು ಅವರು ಮರಳುವುದಕ್ಕೆ ಬಲವಾದ ಕಾರಣ.

ಹಣದ ವಿಚಾರದಲ್ಲಿ ಕೃಷಿಕರಿಗೆ ಬೇರೆಯೇ ತೊಡಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ ಸಲ್ಲಿಸಿರುವುದಿಲ್ಲ. ಖಾತೆಯಲ್ಲಿ ತಿಂಗಳು ತಿಂಗಳು ಜಮೆ ಇರುವುದಿಲ್ಲ. ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ರೇಟು ಬರುವವರೆಗೆ ಅಟ್ಟದಲ್ಲಿ ಇಟ್ಟು ಒಮ್ಮೆಗೇ ಮಾರುತ್ತೇವೆ, ಒಂದೇ ದಿನ ಮೂರು ಲಕ್ಷ ಬಂದು ಬೀಳುತ್ತದೆ. ಸಾಲದ ಹಣ ತಂದು ಖಾತೆ ತುಂಬಿಸಿ ತೋರಿಸುವವರನ್ನು ಕಂಡುಕಂಡು ಬೇಸತ್ತ ಅಧಿಕಾರಿಗೆ ಇದೂ ಹಾಗೆಯೇ ಕಾಣುತ್ತದೆ. ಆ ಜಮೆಯ ಎದುರು ಪೆನ್ಸಿಲಿನಲ್ಲಿ ಗುರುತು ಹಾಕಿ, ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಅಥವಾ ನೀವು ಮಾರಿದ ಅಂಗಡಿಯ ಬಿಲ್ಲನ್ನು ಅದರ ಹಿಂದೆಯೇ ಇಡಿ. ವಿಲ್ಲೇಜ್ ಆಫೀಸಿನ ಆದಾಯ ಪ್ರಮಾಣಪತ್ರವೂ ಇರಲಿ. ಸೇವಾ ಸಹಕಾರಿ ಬ್ಯಾಂಕಿನ ಖಾತೆಯಾದರೆ ಪಾಸ್‌ಪುಸ್ತಕದ ಜೆರಾಕ್ಸ್ ಬದಲು ಕಳೆದ ಮೂರು ತಿಂಗಳ ಮುದ್ರಿತ ವಿವರಕ್ಕೆ ಸಹಿ, ಮುದ್ರೆ ಹಾಕಿಸಿಕೊಳ್ಳಿ.

ಅಳಿಯನ ಹೊಣೆಪತ್ರ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಹೊಣೆಪತ್ರ ಖರ್ಚಿನ ಪ್ರಶ್ನೆಗೆ ಮಾತ್ರ ಉತ್ತರ. ಮರಳಿ ಹೋಗುತ್ತೀರಾ ಎಂಬ ಪ್ರಶ್ನೆಗೆ ಅಳಿಯ ಉತ್ತರ ಕೊಡಲಾರ, ನಿಮ್ಮ ಊರಿನ ಬದುಕೇ ಕೊಡಬೇಕು. ಅರ್ಜಿಯಲ್ಲಿ ಖರ್ಚು ಭರಿಸುವವರು ಯಾರು ಎಂಬ ಅಂಕಣ ಇದೆ. ಟಿಕೆಟ್ ನಿಮ್ಮದು, ಊಟ ವಸತಿ ಅಳಿಯನದು ಎಂದು ಪತ್ರ ಹೇಳಿದರೆ ಅಲ್ಲೂ ಎರಡನ್ನೂ ಗುರುತಿಸಬೇಕು. ಏಜೆಂಟರ ಕೈಯಲ್ಲಿ ತುಂಬಿಸಿದ ಅರ್ಜಿಗಳಲ್ಲಿ ಈ ಅಂಕಣ ಎಷ್ಟೋ ಸಲ ತಪ್ಪಿರುತ್ತದೆ. ಸಹಿ ಮಾಡುವ ಮೊದಲು ಮಗಳ ಪತ್ರವನ್ನು ಪಕ್ಕದಲ್ಲಿಟ್ಟು ಓದಿ.

ಕೇರಳ, ಕರ್ನಾಟಕ ಎರಡೂ ಜರ್ಮನಿಯ ಬೆಂಗಳೂರು ಕಾನ್ಸುಲೇಟಿನ ವ್ಯಾಪ್ತಿಗೇ ಸೇರುತ್ತವೆ. ಆದ್ದರಿಂದ ವಿಳಾಸ ಕೇರಳದ್ದೆಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಕೊಚ್ಚಿಯಲ್ಲೂ ಬೆಂಗಳೂರಿನಲ್ಲೂ ವಿಎಫ್‌ಎಸ್ ಕೇಂದ್ರಗಳಿವೆ. ವೀಸಾ ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯುರೋ, ವಿಎಫ್‌ಎಸ್ ಶುಲ್ಕ ಬೇರೆ. ತೀರ್ಮಾನಕ್ಕೆ 15 ದಿನ ಎಂದು ನಿಯಮ, 45 ದಿನದವರೆಗೂ ಎಳೆಯಬಹುದು. ಟಿಕೆಟ್ ಕಾದಿರಿಸಿದ ವಿವರ ಮಾತ್ರ ಕೊಡಿ. ವೀಸಾ ಕೈಗೆ ಬರುವ ಮೊದಲು ಹಣ ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ.

ಬೇರೆ ದೇಶಗಳಲ್ಲಿ ಮಕ್ಕಳಿರುವ ನೆಂಟರಿಗೆ ಇದೇ ಮಾದರಿಯನ್ನು ಹಾಗೇ ದಾಟಿಸಬೇಡಿ. ಫ್ರಾನ್ಸ್ ಆದರೆ ಮಗ ಅಲ್ಲಿನ ಪುರಸಭೆಯಿಂದ 30 ಯುರೋ ಕೊಟ್ಟು ಆತಿಥ್ಯ ಪ್ರಮಾಣಪತ್ರ ಮಾಡಿಸಬೇಕು, ಮನೆಯಲ್ಲಿ ಬರೆದ ಪತ್ರ ಸಾಲದು. ಅಮೆರಿಕದ ಭೇಟಿ ವೀಸಾಕ್ಕೆ ಆಮಂತ್ರಣ ಪತ್ರ ಬೇಕಾಗಿಯೇ ಇಲ್ಲ. ಸಂದರ್ಶನದಲ್ಲಿ ನೀವು ಆಡುವ ಮಾತೇ ತೂಕ. ಕೆನಡಾ ಮಾತ್ರ ಪತ್ರವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ: ಕರೆಯುವವರ ಮನೆಯಲ್ಲಿ ಒಟ್ಟು ಎಷ್ಟು ಜನ, ಅವರ ಹೆಂಡತಿ ಮಕ್ಕಳ ಹೆಸರು ಮತ್ತು ಜನ್ಮದಿನಾಂಕವನ್ನೂ ಕೇಳುತ್ತದೆ. ತಂದೆ ತಾಯಂದಿರಿಗೆ ಅಲ್ಲಿ ಸೂಪರ್ ವೀಸಾ ಎಂಬುದಿದೆ, ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಮಗ ಅಥವಾ ಮಗಳು ಖರ್ಚು ಹೊರುವುದಾಗಿ ಸಹಿ ಮಾಡಿದ ಪತ್ರ ಕಡ್ಡಾಯ, ಕನಿಷ್ಠ 1,00,000 ಕೆನಡಾ ಡಾಲರಿನ ಆರೋಗ್ಯ ವಿಮೆಯೂ ಕಡ್ಡಾಯ.

ಒಂದು ವೇಳೆ ತಿರಸ್ಕಾರವಾದರೆ, ಕಾರಣಗಳಿಗೆ ಗುರುತು ಹಾಕಿದ ಮುದ್ರಿತ ಹಾಳೆ ಬರುತ್ತದೆ. ಉದ್ದೇಶ ಸ್ಪಷ್ಟವಾಗಿಲ್ಲ ಎಂದಿದ್ದರೆ ಪತ್ರವನ್ನೂ ಸಂಬಂಧದ ಕಾಗದವನ್ನೂ ಮತ್ತೆ ನೋಡಿ. ಮರಳುವ ಬಗ್ಗೆ ಸಂದೇಹ ಎಂದಿದ್ದರೆ ಊರಿನ ಕಾಗದಗಳು ಸಾಲಲಿಲ್ಲ ಎಂದರ್ಥ. ಮೊದಲು ಕಾನ್ಸುಲೇಟಿಗೇ ಉಚಿತವಾಗಿ ಮರುಪರಿಶೀಲನೆಯ ಮನವಿ ಬರೆಯಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಅದನ್ನು ನಿಲ್ಲಿಸಿದೆ. ಈಗ ಉಳಿದಿರುವುದು ಬರ್ಲಿನ್ನಿನ ಆಡಳಿತ ನ್ಯಾಯಾಲಯ, ಇಲ್ಲವೇ ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ. ಹೆರಿಗೆ ನ್ಯಾಯಾಲಯಕ್ಕೆ ಕಾಯದು, ಆದ್ದರಿಂದ ಹೊಸ ಅರ್ಜಿಯೇ ದಾರಿ. ಅದಕ್ಕೆ ಸಮಯ ಉಳಿಯಬೇಕಾದರೆ ಮೊದಲ ಅರ್ಜಿ ಜೂನ್ ಮುಗಿಯುವುದರೊಳಗೆ ಹೋಗಿರಬೇಕು.

ವೀಸಾ ಬಂದಮೇಲೆ ಪತ್ರದ ಕೆಲಸ ಮುಗಿಯಿತೆಂದು ಕಪಾಟಿನಲ್ಲಿಡಬೇಡಿ. ಆಮಂತ್ರಣ ಪತ್ರ, ಹೊಣೆಪತ್ರ, ವಿಮೆ, ಮರಳುವ ಟಿಕೆಟ್ ಇವುಗಳ ಒಂದೊಂದು ಪ್ರತಿ ಮನೆಯವರ ಕೈಚೀಲದಲ್ಲಿರಲಿ, ದೊಡ್ಡ ಬ್ಯಾಗಿನಲ್ಲಲ್ಲ. ಪಾಸ್‌ಪೋರ್ಟ್ ತಪಾಸಣೆ ಲಗೇಜು ಸಿಗುವುದಕ್ಕಿಂತ ಮೊದಲು ಬರುತ್ತದೆ. ಅವರಿಗೆ ಕನ್ನಡ, ತುಳು, ಮಲಯಾಳ ಬಿಟ್ಟು ಬೇರೆ ಭಾಷೆ ಬಾರದಿದ್ದರೆ ಮಗಳ ಪತ್ರವೇ ಮೇಲೆ ಇರಲಿ. ಕೇಳಿದಾಗ ತೋರಿಸಿದರಾಯಿತು.